ದಾರಿ ತುಳಿದವರು

ಬಂಡಿ ತಡೆಯುವ ಕೊಕ್ಕೆಯನ್ನು ಹಿಮದೊಳಕ್ಕೆ ತುಳಿದು ಕೂರಿಸಿ ಮಟ್ರೋನಾ ನಾಯಿಗಳೆಳೆಯುವ ಜಾರುಬಂಡಿಯಿಂದ ಇಳಿದಳು. ನಾಯಿಗಳು ತಿರುಗಿ ಅವಳ ಮುಖ ನೋಡಿದವು. ಇಲ್ಲೇಕೆ ನಿಂತೆವು ಎಂದು ಅವಕ್ಕೂ ಅರ್ಥವಾಗಲಿಲ್ಲ. ಪಂದ್ಯ ಮುಗಿಯುವ ಅವಳ ಊರು ನದಿಯ ಮೂರೇ ತಿರುವಿನಾಚೆ ಇತ್ತು, ಹಗಲೂ ಬೇಕಾದಷ್ಟಿತ್ತು. ಅವಳು ಮಾತ್ರ ಸಾವಕಾಶವಾಗಿ ಚೀಲ ಬಿಚ್ಚಿ, ಒಂದೊಂದು ನಾಯಿಗೂ ಒಣಮೀನಿನ ತುಂಡು ಹಾಕಿ, ಬಂಡಿಯ ಮೇಲೆ ಕಾಲು ಚಾಚಿ ಕೂತಳು.

ಹಿಂದೆಯೇ ಎದುರಾಳಿ ಗ್ರೇಡಿಯ ಬಂಡಿ ಬಂದು ನಿಂತಿತು. ನಿಲ್ಲದೆ ಇನ್ನೇನು ಮಾಡೀತು? ಬೆಳಗಿನಿಂದ ಅವನು ಅವಳ ಬಾಲ ಹಿಡಿದುಕೊಂಡೇ ಬಂದಿದ್ದ. ಹೊಸ ಹಿಮ ಬಿದ್ದು, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲಿನ ಜಾಡು ಪೂರ್ತಿ ಮುಚ್ಚಿಹೋಗಿತ್ತು. ಮುಂದಿರುವವರ ನಾಯಿಗಳು ಎದೆಮಟ್ಟದ ಹಿಮದಲ್ಲಿ ಈಜಿಕೊಂಡು ದಾರಿ ತುಳಿಯಬೇಕು. ಹಿಂದಿನವರಿಗೆ ಅದು ಹಾಸಿಕೊಟ್ಟ ಚಾಪೆ. ಅದಕ್ಕೇ ಸರದಿಯ ಮೇಲೆ ತುಳಿಯುವುದು ನದಿಯವರ ಮರ್ಯಾದೆ. ಗ್ರೇಡಿಗೆ ಆ ಮರ್ಯಾದೆಯ ಗಂಧಗಾಳಿಯೂ ಇರಲಿಲ್ಲ.

"ಏನಾಯ್ತು? ನಾಯಿಗೆ ಹುಷಾರಿಲ್ವಾ?" ಎಂದು ಕೂಗಿದ.

"ನಾಯಿಗಳು ಗುಂಡುಕಲ್ಲಿನ ಹಾಗಿವೆ."

"ಮತ್ತೆ?"

"ಈಗ ನಿನ್ನ ಸರದಿ. ಹೋಗು ಮುಂದೆ."

ಅವನು ನಕ್ಕ. ಆ ನಗು ಅವಳಿಗೆ ಗೊತ್ತಿತ್ತು. ಹೋದ ವರ್ಷವೂ ಇದೇ ನದಿ, ಇಂಥದೇ ಹಿಮ. ದಾರಿಯುದ್ದಕ್ಕೂ ಅವಳ ಬೆನ್ನಿಗಂಟಿಕೊಂಡು ಬಂದವನು ಊರ ಚರ್ಚಿನ ಗುಮ್ಮಟ ಕಂಡದ್ದೇ "ದಾರಿ!" ಎಂದು ಕೂಗಿ ಮುಂದೆ ನುಗ್ಗಿದ್ದ. ಹಾಗೆ ಕೂಗಿದವರಿಗೆ ಪಕ್ಕಕ್ಕೆ ಸರಿದು ಕೊಡಲೇಬೇಕು, ಅದು ಪಂದ್ಯದ ಕಟ್ಟಳೆ. ಅದಾದರೂ ಹಾಳಾಗಿ ಹೋಗಲಿ. ಆದರೆ ಊರಿನ ರೇಡಿಯೋದ ಹರ್ಮನ್, ಮೊದಲು ಬಂದವನ ಪರಿಚಯ ಹೇಳಿ ಮೈಕು ಹಿಡಿದಾಗ ಈ ಪುಣ್ಯಾತ್ಮ, "ದಾರಿಯೆಲ್ಲ ನಾನೇ ತುಳಿದೆ. ಆ ಹುಡುಗಿ ಪಾಪ, ನನ್ನ ಜಾಡಲ್ಲಿ ಬಂದ್ಲು" ಎಂದುಬಿಟ್ಟಿದ್ದ.

ಹಾಸಿಗೆ ಹಿಡಿದಿದ್ದ ಅವಳ ಅಪ್ಪ ವಸಿಲಿ ಅದನ್ನು ಕೇಳಿಸಿಕೊಂಡ. ಪ್ರಾಯದಲ್ಲಿ ಅವನೂ ನಾಯಿ ಓಡಿಸಿದವನೇ. ಇನ್ನೊಬ್ಬರ ಜಾಡಿನಲ್ಲಿ ಬಂದವರಿಗೆ ಅವನ ಮನೆಯಲ್ಲಿ ಚಹಾ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಮಟ್ರೋನಾ ಆಣೆಯಿಟ್ಟು ಹೇಳಿದಳು, ಅತ್ತು ಹೇಳಿದಳು. "ರೇಡಿಯೋದಲ್ಲೇ ಬಂತಲ್ಲ ಮಗಳೇ" ಎಂದ ಮುದುಕ ಗೋಡೆಯ ಕಡೆ ತಿರುಗಿ ಮಲಗಿದ. ಬೇಸಿಗೆಯಲ್ಲಿ ನದಿಗೆ ಸಾಲ್ಮನ್ ಮೀನು ಹತ್ತುವ ಮೊದಲೇ ತೀರಿಕೊಂಡ. ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೆಂಡವಿತ್ತು. ಪಂದ್ಯದ ವಾರ ಇಂಥ ಹಿಮವೇ ಸುರಿಯಲಿ ಎಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬೇಡಿಕೊಂಡಿದ್ದಳು. ಸಂತರು ಇಂಥ ಮೊರೆಯನ್ನೂ ಕೇಳುತ್ತಾರೋ ಏನೋ, ಹಿಮವಂತೂ ಸುರಿದಿತ್ತು.

"ತಮಾಷೆ ಸಾಕು, ಮಟ್ರೋನಾ. ಹಿಂದಿನವ್ರು ಬಂದ್ಬಿಡ್ತಾರೆ."

"ಬರ್ಲಿ."

"ನೀನೂ ಸೋಲ್ತೀಯಾ! ತಲೆ ಕೆಟ್ಟಿದ್ಯಾ ನಿಂಗೆ?"

"ಸೋಲ್ತೀನಿ. ನನ್ನ ಮೂಗು ಕುಯ್ಕೊಂಡ್ರೂ ಚಿಂತೆಯಿಲ್ಲ, ನಿಂಗೆ ಅಪಶಕುನ ಆದ್ರೆ ಸಾಕು."

ಅವನು ಬೈದುಕೊಳ್ಳುತ್ತ ತನ್ನ ನಾಯಿಗಳನ್ನು ಅವಳ ಪಕ್ಕದಿಂದ ಮುಂದಕ್ಕೆ ತಂದ. ಮುಂದಾಳು ನಾಯಿಗಳೆರಡೂ ಎದುರಿನ ಬಿಳಿ ಬಯಲು ನೋಡಿದವು, ಮೂಸಿದವು, ಮತ್ತೆ ತಿರುಗಿ ಬಂದು ಮಟ್ರೋನಾಳ ನಾಯಿಗಳ ಮೀನಿಗೆ ಬಾಯಿ ಹಾಕಿದವು. ಎಳೆದ, ಗದರಿದ, ಮುದ್ದು ಮಾಡಿದ. ಅವು ಹಿಮದಲ್ಲಿ ಕೂತುಬಿಟ್ಟವು.

"ಅವಕ್ಕೆ ಯಾಕೆ ಬೈತೀಯಾ? ಯಾವ್ದಾದ್ರೂ ಬಾಲ ತೋರ್ಸು, ಓಡ್ತಾವೆ. ನೀನು ಕಲ್ಸಿದ್ದೇ ಅಷ್ಟು."

"ಏನ್ ಮಾಡ್ಬೇಕು ಅಂತೀಯಾ ಈಗ?"

"ಬಂಡಿಲಿ ಹಿಮದ ಮೇಲೆ ನಡೆಯೋ ಜಾಲರಿ ಮೆಟ್ಟು ಇದೆಯಲ್ಲ, ಅಲಂಕಾರಕ್ಕಾ? ಹಾಕ್ಕೊ. ನಡಿ."

ಬಹಳ ಹೊತ್ತು ಹಿಂದಿನ ತಿರುವನ್ನೇ ನೋಡುತ್ತ ನಿಂತಿದ್ದ ಗ್ರೇಡಿ ಕೊನೆಗೆ ಮೆಟ್ಟು ಕಟ್ಟಿಕೊಂಡ. ನಾಯಿಗಳ ಮುಂದೆ ತಾನೇ ನಡೆದು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಿಮ ತುಳಿಯತೊಡಗಿದ. ಅವನ ಬೆನ್ನು ಕಂಡದ್ದೇ ನಾಯಿಗಳು ಎದ್ದು ಹಿಂಬಾಲಿಸಿದವು. ಮಟ್ರೋನಾ ಕೊಕ್ಕೆ ಕಿತ್ತು ಆ ಜಾಡಿಗೆ ಬಂಡಿ ಹಾಕಿದಳು. ಅವನು ಏದುಸಿರು ಬಿಡುವುದು, ಎಡವಿ ಮೊಣಕೈ ಊರಿ ಏಳುವುದು, ಎಲ್ಲವನ್ನೂ ಕಣ್ತುಂಬ ನೋಡಿದಳು. ವರ್ಷದಲ್ಲಿ ಮೊದಲ ಬಾರಿ ಅವಳಿಗೆ ಹಸಿವಾಯಿತು.

ಎರಡನೆಯ ತಿರುವಿನಲ್ಲಿ ತೊರೆಯೊಂದು ನದಿಗೆ ಸೇರುತ್ತದೆ. ಅಲ್ಲಿ ಹಿಮದಡಿ, ಮಂಜುಗಡ್ಡೆಯ ಮೇಲೆ ನೀರು ಉಕ್ಕಿ ನಿಂತಿರುತ್ತದೆ. ಮೇಲಿಂದ ನೋಡಿದರೆ ಏನೂ ತಿಳಿಯದು. ಅವಳ ಊರಿನ ಹೆಂಗಸರಿಗೆಲ್ಲ ಅದು ಗೊತ್ತು. ದಡದ ಬದಿಗೆ ಹೋಗು ಎನ್ನುವ ಮಾತು ಬಾಯಿಯ ತನಕ ಬಂತು. ನುಂಗಿಕೊಂಡಳು. ಗ್ರೇಡಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದು ಕಿರುಚಿದ. ಎದ್ದು ಬಳಸಿ ನಡೆಯುವಷ್ಟರಲ್ಲಿ ಷರಾಯಿ ಹೆಪ್ಪುಗಟ್ಟಿ ತಗಡಿನ ಕೊಳವೆಯಂತೆ ಸದ್ದು ಮಾಡುತ್ತಿತ್ತು. ಅವಳು ಅವನು ಬಳಸಿದಲ್ಲೇ ಬಳಸಿ, ಕಾಲು ಒದ್ದೆಯಾಗದೆ ದಾಟಿದಳು.

ಕೊನೆಯ ತಿರುವಿನಲ್ಲಿ ಚರ್ಚಿನ ಗುಮ್ಮಟ ಕಂಡಿತು.

"ದಾರಿ!" ಎಂದಳು ಮಟ್ರೋನಾ.

ಗ್ರೇಡಿ ಮುಂದಾಳು ನಾಯಿಯ ಕೊರಳಪಟ್ಟಿ ಹಿಡಿದು ಪಕ್ಕಕ್ಕೆ ಸರಿದ.

ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಹರ್ಮನ್ ಮೈಕು ಹಿಡಿದು ಓಡಿ ಬಂದು, "ನಮ್ಮ ವಸಿಲಿ ಮಗಳು! ಈ ಸಲ ಮೊದಲು ಬಂದವಳು ನಮ್ಮ ಮಟ್ರೋನಾ!" ಎಂದು ಕಿರುಚಿದ. "ಹೇಳವ್ವಾ, ದಾರಿ ಹೇಗಿತ್ತು?"

ಉತ್ತರವನ್ನು ಅವಳು ವರ್ಷದಿಂದ ಹಲ್ಲಿನ ಸಂದಿಯಲ್ಲಿ ಕಚ್ಚಿ ಇಟ್ಟುಕೊಂಡಿದ್ದಳು. ಮುಕ್ಕಾಲು ಪಾಲು ಅದು ನಿಜವೂ ಆಗಿತ್ತು.

"ದಾರಿಯೆಲ್ಲ ನಾನೇ ತುಳಿದೆ. ಅವನು ಪಾಪ, ನನ್ನ ಜಾಡಲ್ಲಿ ಬಂದ."

ಜನ ಹೋ ಎಂದು ನಕ್ಕರು. ಅಷ್ಟರಲ್ಲಿ ಗ್ರೇಡಿ ಹತ್ತಿರ ಬಂದಿದ್ದ. ಮಾತು ಅವನ ಕಿವಿಗೆ ಬಿದ್ದಿತ್ತು. ಹಲ್ಲು ಕಟಕಟಿಸುತ್ತ ಮೈಕಿನ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದ.

ಕಪ್ಪು ತಲೆವಸ್ತ್ರ ಕಟ್ಟಿದ್ದ ಮಟ್ರೋನಾಳ ಅಮ್ಮ ಹಿಮ ಬಡಿಯುವ ಕೋಲು ಹಿಡಿದು ದಡ ಇಳಿದು ಬಂದಳು. ಹೊರಗಿನಿಂದ ಬಂದವರ ಕಾಲಿನ ಹಿಮ ಉದುರಿಸದೆ ಒಳಗೆ ಬಿಡುವ ಪದ್ಧತಿ ಆ ಊರಿನ ಯಾವ ಮನೆಯಲ್ಲೂ ಇಲ್ಲ. ಮಗಳ ಮುಂದೆ ಬಗ್ಗಿ ಕೋಲೆತ್ತಿದಳು. ಮಟ್ರೋನಾಳ ಕಾಲಿನಲ್ಲಿ ಉದುರಿಸುವಂಥದ್ದು ಏನೂ ಇರಲಿಲ್ಲ. ಅಮ್ಮ ಅವಳ ಷರಾಯಿಯ ಒಣ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಗ್ರೇಡಿಯ ಹೆಪ್ಪುಗಟ್ಟಿದ ಷರಾಯಿಯ ಕಡೆಗೊಮ್ಮೆ ನೋಡಿ, ತಲೆಯೆತ್ತಿ ಮಗಳ ಮುಖ ನೋಡಿದಳು.

"ಅಮ್ಮಾ..." ಎಂದಳು ಮಟ್ರೋನಾ.

ಅಮ್ಮ ಅವಳನ್ನು ದಾಟಿ ಗ್ರೇಡಿಯ ಬಳಿ ಹೋದಳು. "ಕೂತ್ಕೋಪ್ಪಾ. ಕಾಲು ಮರಗಟ್ಟಿರ್ಬೇಕು" ಎಂದು ಅವನನ್ನು ಬಂಡಿಯ ಮೇಲೆ ಕೂರಿಸಿ, ಮುಂದೆ ಮೊಣಕಾಲೂರಿ, ಅವನ ಕಾಲಿನ ಮಂಜುಗಡ್ಡೆಯನ್ನು ಬಡಿಯತೊಡಗಿದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಹರ್ಮನ್ ಮೈಕು ಆರಿಸುವುದನ್ನು ಮರೆತಿದ್ದ. ಟಕ್, ಟಕ್ ಎನ್ನುವ ಆ ಸದ್ದು ಊರಿನ ಮನೆಮನೆಯ ರೇಡಿಯೋದಲ್ಲೂ ಕೇಳುತ್ತಿತ್ತು.