ಹೋದರೆ ಒಂದು, ಬಂದರೆ ಎರಡು

ಸಿಕ್ಕಿ ಮಲಗುತ್ತಿದ್ದದ್ದು ಮಗ್ಗದ ಗುಂಡಿಯೊಳಗೆ, ನೇಕಾರನ ಕಾಲ ಬಳಿ. ಮರಿಯಾಗಿ ಬಂದ ಮೊದಲ ವಾರವೇ ಒಂದು ಲಡಿ ನೂಲನ್ನು ಎಳೆದಾಡಿ ಸಿಕ್ಕು ಮಾಡಿಟ್ಟದ್ದರಿಂದ ನಾಯಿಗೆ ಆ ಹೆಸರು ಬಿತ್ತು. ತುಳಿಯುವ ಹಲಗೆಗಳು ತಾಗದಷ್ಟು ಜಾಗ ಗುಂಡಿಯಲ್ಲಿ ಎಲ್ಲಿದೆ ಎಂದು ಅದು ತಾನೇ ಕಂಡುಕೊಂಡಿತ್ತು. ಹನ್ನೊಂದು ವರ್ಷ ಅಲ್ಲೇ ಮಲಗಿತು. ಮೇಲೆ ಲಾಳಿ ಅತ್ತಿಂದಿತ್ತ ಓಡುತ್ತಿದ್ದರೆ ಕೆಳಗೆ ಅದಕ್ಕೆ ನಿದ್ದೆ. ಮಗ್ಗ ನಿಂತರೆ ಎಚ್ಚರ.

ಈಚೆಗೆ ಅದು ಕೆಮ್ಮತೊಡಗಿತ್ತು. ನೂಲಿನ ಧೂಳು ಇರಬೇಕೆಂದು ಗಂಡಹೆಂಡಿರು ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಅದು ಗುಂಡಿಗಿಳಿಯಲಾರದೆ ಅಂಚಿನಲ್ಲೇ ಕತ್ತು ಚಾಚಿ ನಿಂತಾಗ ಎತ್ತಿಕೊಂಡು ಜಾನುವಾರು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. "ಹೃದಯ ಸೋತಿದೆ ಯಜಮಾನ್ರೇ. ಪುಪ್ಪುಸದಲ್ಲಿ ನೀರು ಸೇರ್ತಿದೆ. ನೀರಿಳಿಸೋ ಮಾತ್ರೆ ಕೊಡ್ತೀನಿ. ದಿನಾ ಅದು ನಿದ್ದೆ ಮಾಡುವಾಗ ಒಂದು ನಿಮಿಷ ಉಸಿರು ಎಣಿಸಿ. ಮೂವತ್ತರ ಮೇಲೆ ಹೋದ್ರೆ ನಂಗೆ ಫೋನ್ ಮಾಡಿ. ಎಣಿಸೋಕೆ ಬರುತ್ತಲ್ಲ?"

ಹೆಂಡತಿಗೆ ನಗು ಬಂತು. "ಎಣಿಸೋದೊಂದು ಬಿಟ್ರೆ ಇವರಿಗೆ ಇನ್ನೇನು ಬರುತ್ತೆ ಡಾಕ್ಟ್ರೇ. ನಮ್ಮ ಮದುವೆ ದಿನಾನೂ ಬಂದವರ ತಲೆ ಎಣಿಸ್ತಾ ಕೂತಿದ್ರು."

ಮರುದಿನ ಊಟವಾದ ಮೇಲೆ ನೇಕಾರ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಗಡಿಯಾರ ಎದುರಿಗಿಟ್ಟುಕೊಂಡು ಸಿಕ್ಕಿಯ ಪಕ್ಕೆಯನ್ನೇ ನೋಡುತ್ತ ಎಣಿಸಿದ. ನಲವತ್ತಾರು. ಮತ್ತೆ ಎಣಿಸಿದ. ನಲವತ್ತೈದು. ಫೋನಿನಲ್ಲಿ ಡಾಕ್ಟರಮ್ಮ ಮಾತ್ರೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿದರು. ಮೂರು ದಿನವಾದರೂ ಲೆಕ್ಕ ನಲವತ್ತನಾಲ್ಕಕ್ಕಿಂತ ಇಳಿಯಲಿಲ್ಲ. ಒಂದೂವರೆ ಮಾಡಿ ಎಂದರು. ಸಿಕ್ಕಿ ಗಳಿಗೆಗೊಮ್ಮೆ ಹೊರಗೆ ಓಡುತ್ತಿತ್ತು, ಬಂದು ಬಟ್ಟಲುಗಟ್ಟಲೆ ನೀರು ಕುಡಿಯುತ್ತಿತ್ತು.

"ಈ ಉಚ್ಚೆ ಮಾತ್ರೆ ಅವಳನ್ನ ಹಿಂಡಿ ಒಣಗಿಸ್ತಿದೆ ಕಣ್ರೀ" ಎಂದಳು ಹೆಂಡತಿ, ರಾಟೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ. "ಕೆಮ್ಮು ನಿಂತಿದೆ. ಇನ್ನೂ ಯಾಕೆ ಅಷ್ಟು?"

"ಲೆಕ್ಕ ಹೇಳ್ತಿದೆಯಲ್ಲ."

"ಲೆಕ್ಕ ನೋಡ್ತೀರೋ ನಾಯಿ ನೋಡ್ತೀರೋ?"

ಅವನು ಗಡಿಯಾರವನ್ನು ಮತ್ತೆ ಎದುರಿಗೆ ಎಳೆದುಕೊಂಡ. ಮೂವತ್ತು ವರ್ಷದಲ್ಲಿ ಅವನ ಎಣಿಕೆ ಒಂದು ಎಳೆಯಷ್ಟೂ ತಪ್ಪಿರಲಿಲ್ಲ.

ಹತ್ತನೆಯ ದಿನ ಸಿಕ್ಕಿ ಅನ್ನದ ತಟ್ಟೆಯನ್ನು ಮೂಸಿ ಮುಖ ತಿರುಗಿಸಿತು. ನಡೆಯುವಾಗ ಹಿಂಗಾಲು ಸೋತು ವಾಲಿತು. ಒಸಡು ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಒಣಗಿತ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಪರೀಕ್ಷೆಯ ಚೀಟಿ ಬರುವಷ್ಟರಲ್ಲಿ ಸುಸ್ತಾದ ಸಿಕ್ಕಿ ಮೇಜಿನ ಮೇಲೆಯೇ ನಿದ್ದೆಹೋಗಿತ್ತು. ಡಾಕ್ಟರಮ್ಮ ಕೈಗಡಿಯಾರ ನೋಡುತ್ತ ನಿಂತರು.

"ಇಪ್ಪತ್ತೆರಡು" ಎಂದರು. "ನಿನ್ನೆ ಎಷ್ಟು ಅಂದ್ರಿ?"

"ನಲವತ್ತನಾಲ್ಕು."

"ಎಲ್ಲಿ, ನನ್ನ ಮುಂದೆ ಎಣಿಸಿ. ಬಾಯಿಬಿಟ್ಟು."

ನೇಕಾರ ಮೇಜಿನತ್ತ ಬಗ್ಗಿದ. ಪಕ್ಕೆ ಏರಿತು. "ಒಂದು." ಇಳಿಯಿತು. "ಎರಡು." ಏರಿತು. "ಮೂರು."

"ನಿಲ್ಲಿಸಿ" ಎಂದರು ಡಾಕ್ಟರಮ್ಮ.

ಅವನು ನಿಲ್ಲಿಸಿದ. ಅವರು ಬಿಡಿಸಿ ಹೇಳಬೇಕಾಗಲಿಲ್ಲ. ಲಾಳಿ ಬಲಕ್ಕೆ ಹೋದರೆ ಒಂದು ಎಳೆ, ಎಡಕ್ಕೆ ಬಂದರೆ ಇನ್ನೊಂದು. ಹೋಗಿಬಂದದ್ದನ್ನು ಒಂದೇ ಎಂದು ಎಣಿಸುವ ನೇಕಾರ ಯಾವ ಊರಲ್ಲೂ ಇಲ್ಲ. ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ.

"ಏರಿ ಇಳಿದ್ರೆ ಸೇರಿ ಒಂದು ಯಜಮಾನ್ರೇ. ಹೇಗೆ ಎಣಿಸ್ತೀರಿ ಅಂತ ನಾನೂ ಕೇಳ್ಳಿಲ್ಲ. ಕೇಳಬೇಕಿತ್ತು." ಡಾಕ್ಟರಮ್ಮ ಚೀಟಿ ಮಡಿಸಿದರು. "ಈಗ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ."

ಹೆಂಡತಿ ಸಿಕ್ಕಿಯ ತಲೆ ಸವರುತ್ತ ನಿಂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮೂರು ದಿನ ಸಿಕ್ಕಿಗೆ ನರದ ಮೂಲಕ ನೀರು ಏರಿಸಿದರು. ಮಾತ್ರೆ ನಿಂತಿತು. ನಾಲ್ಕನೆಯ ದಿನ ಅದು ಎರಡು ತುತ್ತು ಅನ್ನ ತಿಂದು, ಅವನ ಅಂಗೈ ನೆಕ್ಕಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಮುಚ್ಚಿಡಲಿಲ್ಲ. "ಹೃದಯಕ್ಕೆ ನೀರು ಕಮ್ಮಿ ಇರಬೇಕು, ಮೂತ್ರಪಿಂಡಕ್ಕೆ ಜಾಸ್ತಿ ಬೇಕು. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಹಾಗಾಗಿದೆ."

ಮನೆಗೆ ಬಂದ ಐದನೆಯ ದಿನ ಮಧ್ಯಾಹ್ನ ಅವನು ಗುಂಡಿಯ ಅಂಚಿನಲ್ಲೇ ಮಲಗಿದ್ದ ಸಿಕ್ಕಿಯ ಪಕ್ಕ ಕೂತು ಎಣಿಸಿದ. ಏರಿದ್ದನ್ನಷ್ಟೇ. ನಲವತ್ತು. ನಂಬಿಕೆ ಬರಲಿಲ್ಲ. ಹಳೆಯ ಚಾಳಿ ಮತ್ತೆ ನುಸುಳಿರಬೇಕೆಂದು, ಏರಿದಾಗಲೊಮ್ಮೆ ಒಂದು ತುಂಡು ನೂಲು ನೆಲಕ್ಕೆ ಹಾಕುತ್ತ ಹೋದ. ನಿಮಿಷ ಮುಗಿದಾಗ ತುಂಡುಗಳನ್ನು ಎಣಿಸಲು ಅವನಿಗೆ ಧೈರ್ಯವಾಗಲಿಲ್ಲ.

"ಲೇ, ಬಾ ಇಲ್ಲಿ. ನೀನು ನೋಡು."

ಹೆಂಡತಿ ಮಂಡಿಯೂರಿ ಕೂತು ಸಿಕ್ಕಿಯ ಪಕ್ಕೆಯ ಮೇಲೆ ಕೈಯಿಟ್ಟಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು. "ನಲವತ್ತೊಂದು" ಎಂದಳು. "ಈ ಸಲ ನಿಮ್ಮ ತಪ್ಪಲ್ಲ."

ಡಾಕ್ಟರಮ್ಮ ಫೋನಿನಲ್ಲಿ ಎರಡೂ ದಾರಿ ಬಿಡಿಸಿ ಹೇಳಿದರು. "ಅರ್ಧ ಮಾತ್ರೆ ಕೊಟ್ರೆ ಉಸಿರು ಸರಾಗ ಆಗುತ್ತೆ. ಆ ಕಡೆ ಮೂತ್ರಪಿಂಡ ಎಷ್ಟು ದಿನ ತಡೆಯುತ್ತೋ ಹೇಳಲಾರೆ. ಕೊಡದಿದ್ರೆ ಏದುಸಿರಲ್ಲೇ ಇರುತ್ತೆ. ನೀವೇ ಹೇಳಿ."

ಅವನು ಹೆಂಡತಿಯ ಮುಖ ನೋಡಿದ.

"ಉಸಿರಿಗೆ ಪರದಾಡೋದು ಬೇಡ" ಎಂದಳು ಅವಳು. "ಇರೋಷ್ಟು ದಿನ ನೆಮ್ಮದಿಯಾಗಿ ಮಲಗಲಿ."

"ನನ್ನ ಕೈಯಾರೆ ಹೇಗೇ ಕೊಡಲಿ?"

"ಇನ್ಯಾರ ಕೈಯಿಂದ ತಗೋತಾಳೆ ಅವಳು. ನಾನು ಕೊಟ್ರೆ ಉಗೀತಾಳೆ, ಗೊತ್ತಿಲ್ವಾ?"

ಅವನು ಮಾತ್ರೆ ಮುರಿದು ಬೆಲ್ಲದ ಚೂರಿನಲ್ಲಿ ಒತ್ತಿ ನೀಡಿದ. ಸಿಕ್ಕಿ ಮೂಸಿಯೂ ನೋಡದೆ ಬಾಯಿಗೆ ಹಾಕಿಕೊಂಡಿತು, ಬಾಲ ಒಂದು ಸಲ ನೆಲಕ್ಕೆ ಬಡಿಯಿತು.

ಮುಕ್ಕಾಲು ಗಂಟೆಯ ಮೇಲೆ ಅದು ಎದ್ದು ಬಾಗಿಲಿಗೆ ಹೋಯಿತು. ಅವನು ಹಿಂದೆಯೇ ಹೋಗಿ ಅಗುಳಿ ತೆಗೆದ. ಸಿಕ್ಕಿ ಬೇಲಿಯ ಬುಡದಲ್ಲಿ ಉಚ್ಚೆಗೆ ಕೂತು, ಬಹಳ ಹೊತ್ತು ಕೂತು, ಮೆಲ್ಲಗೆ ವಾಪಸು ಬಂದು ನೀರಿನ ಬಟ್ಟಲಿಗೆ ಬಾಯಿಟ್ಟಿತು. ಬಟ್ಟಲು ಜಾರದಂತೆ ಅವನು ಎರಡೂ ಕೈಯಿಂದ ಹಿಡಿದುಕೊಂಡ. ಕುಡಿದರೆ ಒಳ್ಳೆಯದೋ ಬಿಟ್ಟರೆ ಒಳ್ಳೆಯದೋ ಅವನಿಗೆ ತಿಳಿಯಲಿಲ್ಲ. ಅದು ತಳ ಕಾಣುವವರೆಗೂ ಕುಡಿದು ತಲೆಯೆತ್ತಿ ಅವನನ್ನು ನೋಡಿತು. ಅವನು ಎದ್ದು ಮತ್ತೆ ತುಂಬಿಸಿ ತಂದ.