ಬೂದಿಮೊಗದವನ ಹೆಗಲು

ಗೇಟಿನ ಹೊರಗೆ ಬೈಕ್ ನಿಲ್ಲಿಸಿದವನು ಬೆಟ್ಟಕ್ಕೆ ದಾರಿ ಯಾವುದೆಂದು ಕೇಳಿದ. ಟೇಕಲ್‌ನಲ್ಲಿ ನಿಂತು ಬೆಟ್ಟದ ದಾರಿ ಕೇಳುವವರಿಲ್ಲ. ತಲೆ ಎತ್ತಿದರೆ ಬೆಟ್ಟ. ಬೇರೆ ಏನನ್ನೋ ಕೇಳಲು ಬಂದಿದ್ದಾನೆಂದು ಆಗಲೇ ಗೊತ್ತಾಯಿತು. ಅವನ ಟೀ ಶರ್ಟಿನ ಮೇಲೆ ಬೂದಿ ಬಣ್ಣದ ಮುಖವಾಡ ಅಚ್ಚಾಗಿತ್ತು.

"ನಾನು ಕದಿರೇಶ, ಅಕ್ಕ. ನಂಗಲಿಯವನು. ‘ಬಾರ್ಡರ್ ಥಿಯರಿ’ ಚಾನೆಲ್. ನೋಡಿರ್ತೀರಲ್ಲ?"

"ಇಲ್ಲ."

ದಿನವೂ ನೋಡುತ್ತಿದ್ದೆ. ಅವನ ಧ್ವನಿ ಫೋನಿನಲ್ಲಿ ಕೇಳಿದ್ದಕ್ಕಿಂತ ತೆಳುವಾಗಿತ್ತು.

‘ಧ್ರುವಕವಚ’ದ ಮೊದಲ ಭಾಗ ದಸರಾಕ್ಕೆ ಬಂದಿತ್ತು. ಕವಚ ತೊಟ್ಟ ನಾಯಕ ಊರನ್ನು ಉಳಿಸಿ, ಎಲ್ಲ ಮುಗಿದು, ಜನ ಎದ್ದು ಹೊರಡುವ ಹೊತ್ತಿಗೆ ಪರದೆಯ ಮೇಲೆ ಒಂದು ಬಂಡೆ ಕಾಣುತ್ತದೆ. ಬಂಡೆಯ ಮೇಲೆ ಬೂದಿ ಬಣ್ಣದ ಮುಖವಾಡ ಹಾಕಿದ ಎತ್ತರದ ಆಳು. ಸ್ವಲ್ಪ ದೂರ ನಡೆಯುತ್ತಾನೆ, ನಿಲ್ಲುತ್ತಾನೆ, ಬಲಗೈಯಿಂದ ಎಡ ಹೆಗಲನ್ನು ಕೊಡವುತ್ತಾನೆ. ಕತ್ತಲು. ಎರಡನೇ ಭಾಗದ ಖಳನಾಯಕ ಇವನೇ ಎಂಬುದು ಎಲ್ಲರಿಗೂ ಗೊತ್ತು. ಯಾರು ಎಂಬುದು ಗೊತ್ತಿಲ್ಲ. ಅಭಿಮಾನಿಗಳು ಅವನಿಗೆ ಬೂದಿಮೊಗ ಎಂದು ಹೆಸರಿಟ್ಟರು. ತಮಿಳಿನ ದೊಡ್ಡ ನಟ ಎಂದು ಕೆಲವರು, ಬಾಂಬೆಯವನು ಎಂದು ಕೆಲವರು. ಕೊಡವಿದ್ದು ಸುಟ್ಟ ಊರಿನ ಬೂದಿಯನ್ನು ಎಂದು ಮೊದಲು ಹೇಳಿದವನು ಕದಿರೇಶನೇ. ಈಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹೆಗಲು ಕೊಡವಿ ಒಬ್ಬರಿಗೊಬ್ಬರು ಸವಾಲು ಹಾಕುತ್ತಾರೆ. ನಾನು ಪಾಠ ಮಾಡುವ ಕಾಲೇಜಿನ ಕಾರಿಡಾರಿನಲ್ಲೂ, ನನ್ನ ಎದುರಿಗೇ.

ಆ ಆಳು ನನ್ನ ಗಂಡ ವೆಂಕಟ್.

ಬೆಟ್ಟದ ಬುಡದಲ್ಲಿ ನಮ್ಮ ಹೊಲವಿದೆ. ಚಿತ್ರತಂಡ ವಾಹನ ನಿಲ್ಲಿಸಲು ಅದನ್ನು ಕೇಳಿತ್ತು. ಖಳನ ಪಾತ್ರಕ್ಕೆ ನಟ ಇನ್ನೂ ನಿಗದಿಯಾಗಿರಲಿಲ್ಲ. ವೇಷ ಹಾಕಲು ಕರೆತಂದವನು ಬಂಡೆಯ ತುದಿಗೆ ಹೋಗಿ, ಕೆಳಗೆ ನೋಡಿ, ತಲೆ ಸುತ್ತಿ ಕುಳಿತುಬಿಟ್ಟ. ವೆಂಕಟ್ ಆರಡಿ ಎತ್ತರ, ಚಿಕ್ಕಂದಿನಿಂದ ಆ ಬಂಡೆ ಹತ್ತಿ ಇಳಿದವನು. ಮುಖವಾಡವನ್ನು ಅವನಿಗೆ ಹಾಕಿದರು. ಹೆಗಲು ಕೊಡವಲು ಯಾರೂ ಹೇಳಿಕೊಟ್ಟಿರಲಿಲ್ಲ. ಕೋಲಾರದ ಮಂಡಿಗೆ ಟೊಮೆಟೊ ಹಾಕುವವರು ಕ್ರೇಟು ಎತ್ತುವ ಮುಂಚೆ ಹಾಗೆ ಮಾಡುತ್ತಾರೆ, ಹೆಗಲ ಮೇಲಿನ ಟವೆಲ್ಲು ಸರಿಯಾಗಿ ಕೂರಲಿ ಎಂದು. ಟವೆಲ್ಲಿಲ್ಲದಾಗಲೂ ಅವನ ಕೈ ಅಲ್ಲಿಗೆ ಹೋಗುತ್ತಿತ್ತು.

ಸಿನಿಮಾ ಬರುವ ಮುಂಚೆ, ಆಷಾಢದಲ್ಲಿ, ಮಂಡಿಯಿಂದ ಹಿಂದಿರುಗುವಾಗ ಹೆದ್ದಾರಿಯಲ್ಲಿ ಅವನು ತೀರಿಕೊಂಡ. ದಸರಾ ಕಳೆದ ಮೇಲೆ ನಾನೊಬ್ಬಳೇ ಕೋಲಾರದ ಥಿಯೇಟರಿಗೆ ಹೋದೆ. ಅವನು ಹೆಗಲು ಕೊಡವಿದಾಗ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ನಾನು ಕುಳಿತೇ ಇದ್ದೆ.

ಮುಖವಾಡದೊಳಗೆ ಇದ್ದವನು ತಮ್ಮ ಮಗ ಎಂಬುದು ಅತ್ತೆ ಅನಸೂಯಮ್ಮನವರಿಗೆ ಗೊತ್ತಿರಲಿಲ್ಲ. ಅವರಿಗೆ ಹೇಳಿದರೆ ಸಂಜೆಯೊಳಗೆ ಹಾಲಿನ ಡೈರಿಯ ಮುಂದೆ ನಿಂತ ಎಲ್ಲರಿಗೂ ತಿಳಿಯುತ್ತದೆ. ತಿಳಿಯಬಾರದಿತ್ತು. ಚಿತ್ರತಂಡದ ಮ್ಯಾನೇಜರ್ ಅನಿಲ್‌ಕುಮಾರ್ ಫೋನ್ ಮಾಡಿ ಹೇಳಿದ್ದರು: "ಎರಡನೇ ಭಾಗದ ಮೊದಲನೇ ಸೀನ್ ಪೂರ್ತಿ ನಿಮ್ಮ ಯಜಮಾನ್ರೇ ಇದ್ದಾರೆ ಮೇಡಂ. ಡೈರೆಕ್ಟರಿಗೆ ಆ ನಡಿಗೆ ಬಿಡೋಕೆ ಮನಸ್ಸಿಲ್ಲ. ಆದ್ರೆ ಒಳಗಿರೋದು ಯಾರು ಅಂತ ಆಚೆ ಬಂತೋ, ಪ್ರೊಡ್ಯೂಸರ್ ಒಪ್ಪಲ್ಲ. ಕಿತ್ತಾಕಿ ದೊಡ್ಡ ಹೀರೋನ ಇಟ್ಕೊಂಡು ಮತ್ತೆ ಶೂಟ್ ಮಾಡ್ತಾರೆ."

ಮನೆಯಲ್ಲಿರುವ ಫೋಟೋ, ವಿಡಿಯೋ ಎಲ್ಲವನ್ನೂ ನಾನು ನೋಡಿ ಮುಗಿಸಿದ್ದೇನೆ. ನಾನು ಇನ್ನೂ ನೋಡದ ವೆಂಕಟ್ ಆ ಸೀನಿನಲ್ಲಿ ಮಾತ್ರ ಇದ್ದಾನೆ.

"ಇಲ್ಲೇ ಶೂಟಿಂಗ್ ಆಗಿದ್ದಲ್ವಾ ಅಕ್ಕ?" ಕದಿರೇಶ ಬೆಟ್ಟದ ಕಡೆ ಕೈ ತೋರಿಸಿದ. "ಬಂಡೆ ಮೇಲಿನ ಬಿರುಕು ನೋಡಿ ಹಿಡ್ದೆ. ಸ್ಟೇಷನ್ ಹತ್ರ ಟೀ ಕುಡೀವಾಗ ವಿಚಾರಿಸ್ದೆ. ಅವತ್ತು ನಿಮ್ಮ ಯಜಮಾನ್ರು ಮೇಲೆ ಹತ್ತಿದ್ರು ಅಂದ್ರು."

"ನೀರು ಕೊಡೋಕೆ ಹತ್ತಿರ್ಬೋದು."

"ಇರ್ಬೋದು. ಅವರು ನಡೆಯೋ ಒಂದು ವಿಡಿಯೋ ಸಿಕ್ರೆ ಸಾಕು. ಪಕ್ಕಪಕ್ಕ ಇಟ್ಟು ನೋಡ್ತೀನಿ. ಸಂಜೆ ಲೈವ್ ಇದೆ. ಮುಖವಾಡ ಕಳಚ್ತೀನಿ ಅಂತ ನಿನ್ನೆಯಿಂದ ಹಾಕಿದ್ದೀನಿ."

"ವಿಡಿಯೋ ಇಲ್ಲ."

"ಒಂದೂ?"

"ಒಂದೂ ಇಲ್ಲಪ್ಪ. ಹೊರಡು, ನಂಗೆ ಕೆಲಸ ಇದೆ."

ಅವನು ಹೆಲ್ಮೆಟ್ ಹಾಕಿಕೊಂಡ. ಅಷ್ಟರಲ್ಲಿ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹಿತ್ತಲಲ್ಲಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಮುಂದಕ್ಕೆ ಬಂದರು.

"ಯಾರೇ ಅದು?"

"ದಾರಿ ಕೇಳೋಕೆ ಬಂದಿದ್ರು."

"ನಂಗಲಿಯಿಂದ ಬಂದೆ ಅಮ್ಮ" ಎಂದ ಅವನು.

ಅಲ್ಲಿಗೆ ಮುಗಿಯಿತು. ಅತ್ತೆಯ ತವರು ನಂಗಲಿಯ ಪಕ್ಕದ ಹಳ್ಳಿ. ಆ ಕಡೆಯವರು ಯಾರೇ ಬಂದರೂ ಕಾಫಿ ಕುಡಿಸದೆ ಕಳಿಸುವುದಿಲ್ಲ. ಒಮ್ಮೆ ಇನ್ಶೂರೆನ್ಸ್ ಏಜೆಂಟನನ್ನು ಊಟಕ್ಕೇ ಕೂರಿಸಿದ್ದರು. ಯಾರ ಮಗನೋ ನೀನು ಎಂದು ತೆಲುಗಿನಲ್ಲಿ ಕೇಳಿದರು. ಅವನೂ ತೆಲುಗಿಗೆ ಹೊರಳಿ, ಪಂಕ್ಚರ್ ಅಂಗಡಿ ಮುನಿಯಲ್ಲಪ್ಪನ ಮಗ ಪೆದ್ದಮ್ಮಾ ಎಂದ, ಸ್ವಂತ ದೊಡ್ಡಮ್ಮನನ್ನು ಕರೆಯುವಂತೆ.

"ಮುನಿಯಲ್ಲಪ್ಪನ ಮಗನಾ! ನಮ್ಮಣ್ಣನ ಜೊತೆ ಸ್ಕೂಲಿಗೆ ಹೋಗ್ತಿದ್ದ ಕಣೋ ನಿಮ್ಮಪ್ಪ. ಇಬ್ರೂ ಸೇರಿ ಮೇಷ್ಟ್ರ ಸೈಕಲ್ ಗಾಳಿ ಬಿಡೋರು." ಆಮೇಲೆ ನನ್ನ ಕಡೆ ತಿರುಗಿದರು. "ಗೇಟಲ್ಲೇ ನಿಲ್ಲಿಸಿದ್ದೀಯಲ್ಲೇ ಚಂದನ, ಬುದ್ಧಿ ಇದೆಯಾ ನಿಂಗೆ?"

ಅವನು ಒಳಗೆ ಬಂದು ಕುಳಿತ. ನಾನು ಹಾಲು ಕಾಯಲು ಇಟ್ಟು, ಕಿವಿಯನ್ನು ಹೊರಗಿಟ್ಟೆ. ಮಾತು ಮಳೆ, ಬೆಳೆ, ಯಾರದೋ ಮದುವೆ ಎಂದು ಸುತ್ತಿ ಕೊನೆಗೆ ವೆಂಕಟ್‌ನ ಬಳಿಗೆ ಬಂತು.

"ಇದ್ದಿದ್ರೆ ನಿನ್ನ ನೋಡಿ ಖುಷಿ ಪಡ್ತಿದ್ದ. ಇರು, ತೋರಿಸ್ತೀನಿ."

ಹಾಲನ್ನು ಬಿಟ್ಟು ಬಂದೆ. "ಅತ್ತೆ, ಅವರಿಗೆ ಹೊತ್ತಾಯ್ತಂತೆ."

"ಎಲ್ಲಿ ಹೊತ್ತಾಯ್ತು? ಹೋಗಿ ಕಾಫಿ ತಗೊಂಬಾ."

ಅವರ ಫೋನಿನಲ್ಲಿ ಆಗಲೇ ವಿಡಿಯೋ ಓಡುತ್ತಿತ್ತು. ನಾದಿನಿ ಸಹನಳ ಮದುವೆಯ ಹಿಂದಿನ ದಿನ, ಛತ್ರದ ಹಿಂಬಾಗಿಲಲ್ಲಿ ಟೆಂಪೊದಿಂದ ತರಕಾರಿ ಇಳಿಸುವಾಗ ಯಾರೋ ತೆಗೆದದ್ದು. ವೆಂಕಟ್ ಏನೋ ಹೇಳಿ ನಗುತ್ತಾ ನಡೆದು ಬರುತ್ತಾನೆ, ನಿಲ್ಲುತ್ತಾನೆ, ಹೆಗಲು ಕೊಡವಿ ಕ್ರೇಟು ಎತ್ತುತ್ತಾನೆ.

ಕದಿರೇಶ ಫೋನನ್ನು ತನ್ನ ಕೈಗೆ ತೆಗೆದುಕೊಂಡ. ಮೊದಲಿನಿಂದ ಮತ್ತೊಮ್ಮೆ ಹಾಕಿ ನೋಡಿದ.

"ಪೆದ್ದಮ್ಮಾ, ಇದನ್ನ ನಂಗೆ ಕಳಿಸ್ತೀರಾ?"

"ಅದಕ್ಕೇನು, ನಂಬರ್ ಹೇಳು."

ನಾನು ಕೈ ಚಾಚುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರುಗುಟ್ಟಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಒಲೆ ಆರಿಸಿ ಬಂದು, ಅತ್ತೆಯ ಪಕ್ಕ ಕುಳಿತು ಹೇಳಿದೆ. ಹೇಳುವುದು ಬೇಗ ಮುಗಿಯಿತು. ಅತ್ತೆ ನನ್ನನ್ನೇ ನೋಡಿದರು.

"ಡೈರೀಲಿ ಹೇಳ್ಬಿಡ್ತೀನಿ ಅಂತ ಮುಚ್ಚಿಟ್ಯಾ?"

ನಾನು ಹೌದೆಂದು ತಲೆಯಾಡಿಸಿದೆ.

"ಹೇಳಲ್ಲ ಹೋಗು. ತೋರ್ಸೋ ನೀನು."

ಕದಿರೇಶ ಆ ದೃಶ್ಯ ಹಾಕಿಕೊಟ್ಟ. ಅತ್ತೆ ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಮುಖವಾಡದ ಮೇಲೆ ಬೆರಳಿಟ್ಟರು. ಪರದೆ ಸರಿದುಹೋಯಿತು. ಅವನು ಮತ್ತೆ ಸರಿಮಾಡಿ ಕೊಟ್ಟ.

"ಇವನು ಕೆಟ್ಟವನಾ?"

"ವಿಲನ್ ಪೆದ್ದಮ್ಮಾ. ದೊಡ್ಡ ವಿಲನ್."

"ಎರಡನೇದ್ರಲ್ಲಿ ಇವನನ್ನ ಸಾಯಿಸ್ತಾರಾ?"

ಬೂದಿಮೊಗ ಹೇಗೆ ಸಾಯುತ್ತಾನೆ ಎಂಬುದಕ್ಕೆ ಕದಿರೇಶನ ಚಾನೆಲ್ಲಿನಲ್ಲಿ ಬೇರೆ ಬೇರೆ ವಿಡಿಯೋಗಳಿವೆ. ಕವಚದ ಮಿಂಚಿಗೆ ಸುಟ್ಟು, ಬೆಟ್ಟದಿಂದ ಬಿದ್ದು, ನಾಯಕನ ಕೈಯಲ್ಲಿ ಕತ್ತು ಮುರಿದು. ನಾನು ಎಲ್ಲವನ್ನೂ ಕೊನೆಯವರೆಗೆ ನೋಡಿದ್ದೆ.

"ಗೊತ್ತಿಲ್ಲ ಪೆದ್ದಮ್ಮಾ" ಎಂದು ಅವನು ಎದ್ದ.

ಗೇಟಿನವರೆಗೆ ಹಿಂದೆಯೇ ಹೋದೆ. ಅನಿಲ್‌ಕುಮಾರ್ ಹೇಳಿದ್ದನ್ನು ಅವನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದೆ. "ನೀನು ಹೆಸರು ಹೇಳಿದ ದಿನ ಆ ಸೀನು ಹೋಗುತ್ತೆ. ಹೇಳಬೇಡ."

"ಅಕ್ಕ, ಇಡೀ ದೇಶದಲ್ಲಿ ಯಾರಿಗೂ ಸಿಗದೇ ಇರೋದು ನಂಗೆ ಸಿಕ್ಕಿದೆ. ಈಗ ಇಲ್ಲ ಅಂದ್ರೆ ಸುಳ್ಳ ಅಂತಾರೆ." ಅವನು ನೆಲ ನೋಡುತ್ತಾ ಹೇಳಿದ. "ಅದೂ ಅಲ್ದೆ ಅಣ್ಣನಿಗೆ ಹೆಸರು ಬೇಡ್ವಾ? ಎಲ್ರೂ ಅವರನ್ನೇ ನೋಡ್ತಿದ್ದಾರೆ. ಯಾರು ಅಂತ ಒಬ್ಬನಿಗೂ ಗೊತ್ತಿಲ್ಲ. ನಿಮಗೆ ಏನೂ ಅನ್ಸಲ್ವಾ?"

ಅನ್ನಿಸುತ್ತದೆಯೋ ಇಲ್ಲವೋ ನನಗೆ ಈಗೀಗ ಗೊತ್ತಾಗುವುದಿಲ್ಲ.

"ಹೆಸರಿನ ಬದಲು ಇನ್ನೊಂದು ಕೊಡ್ತೀನಿ" ಎಂದೆ. "ಅವರು ಕೊಡವಿದ್ದು ಬೂದಿ ಅಲ್ಲ. ಅವತ್ತು ಕ್ಯಾಮೆರಾ ಅಲ್ಲಿಗೆ ನಿಲ್ಲಲಿಲ್ಲ. ಕೆಳಗೆ ನಿಮ್ಮ ಹೀರೋ ಬಿದ್ದಿದ್ದ. ಹೀರೋ ಅಲ್ಲ, ಮರಳು ತುಂಬಿದ ಬೊಂಬೆ, ಅದೇ ಕವಚ ಹಾಕಿದ್ದು. ಅದನ್ನ ಹೆಗಲ ಮೇಲೆ ಹೊತ್ಕೊಂಡು ಬೆಟ್ಟದ ತುದಿಗೆ ಹೋದ್ರು. ಎರಡನೇ ಭಾಗದ ಸೀನು ಅದೇ."

ಎರಡು ಕ್ರೇಟಿನಷ್ಟೂ ತೂಕ ಇರಲಿಲ್ಲ ಕಣೇ ಆ ಹೀರೋ ಎಂದು ವೆಂಕಟ್ ಮನೆಗೆ ಬಂದು ನಕ್ಕಿದ್ದ. ಯಾರಿಗೂ ಹೇಳಬೇಡ ಎಂದಿದ್ದ. ನನ್ನೊಬ್ಬಳ ಬಳಿ ಉಳಿದಿದ್ದ ಅವನ ಮಾತು ಅದೊಂದೇ.

ಕದಿರೇಶ ಬೈಕಿನ ಕೀಲಿಯನ್ನು ಹಾಕಿದವನು ತಿರುಗಿಸಲಿಲ್ಲ. "ವಿಲನ್ನು ಹೀರೋನ ಹೊತ್ಕೊಂಡು ಹೋಗ್ತಾನಾ? ಕಾಪಾಡ್ತಾನಾ ಹಾಗಾದ್ರೆ?"

"ಕಾಪಾಡ್ತಾನೋ ಎಸೀತಾನೋ ನಂಗೊತ್ತಿಲ್ಲ. ಹೊತ್ತಿದ್ದು ನಿಜ. ಥಿಯರಿ ಅಂತ ಹೇಳು. ಸಾವಿರ ಥಿಯರಿ ಮಧ್ಯೆ ಇದೊಂದು ಯಾರ ಕಣ್ಣಿಗೂ ಬೀಳಲ್ಲ. ಸಿನಿಮಾ ಬಂದಾಗ ನಿನ್ನ ಮಾತೇ ನಿಜ ಆಗುತ್ತೆ."

"ಇವತ್ತು?"

"ಇವತ್ತು ಬೈಸ್ಕೋಬೇಕು."

"ಮಾತು ಕೊಡಲ್ಲ ಅಕ್ಕ" ಎಂದು ಅವನು ಹೊರಟುಹೋದ.

ಸಂಜೆ ಅತ್ತೆಯೂ ನಾನೂ ಚಾಪೆಯ ಮೇಲೆ ಕುಳಿತೆವು. ಚೊಂಬಿಗೆ ಒರಗಿಸಿದ್ದ ಫೋನಿನಲ್ಲಿ ಕದಿರೇಶ ಕಾಣಿಸಿದ. ಹಿಂದೆ ಟೈರುಗಳ ರಾಶಿ. ಮುಖವಾಡ ಕಳಚುತ್ತದೆ ಎಂಬ ಶೀರ್ಷಿಕೆಯನ್ನು ಅವನು ತೆಗೆದಿರಲಿಲ್ಲ. ನೋಡುವವರ ಸಂಖ್ಯೆ ಏರುತ್ತಲೇ ಇತ್ತು.

"ಇವತ್ತು ಟೇಕಲ್‌ಗೆ ಹೋಗಿದ್ದೆ" ಎಂದು ಶುರು ಮಾಡಿದ. "ಒಂದು ಮನೆಗೆ ಹೋದೆ. ಅಲ್ಲಿ ನಂಗೊಂದು ವಿಡಿಯೋ ಸಿಕ್ತು."

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಕದಿರೇಶ ಇನ್ನೊಂದು ಫೋನನ್ನು ಕೈಗೆತ್ತಿಕೊಂಡ. ಅದರ ಬೆಳಕು ಅವನ ಗದ್ದದ ಮೇಲೆ ಬಿತ್ತು. ಹಾಕು, ಹಾಕು ಎಂದು ಕಾಮೆಂಟುಗಳು ಓಡಿದವು. ಅವನು ಆ ಫೋನನ್ನೇ ನೋಡುತ್ತಾ ಕುಳಿತ. ಛತ್ರದ ಹಿಂಬಾಗಿಲಲ್ಲಿ ವೆಂಕಟ್ ನಗುತ್ತಾ ಬರುತ್ತಿರುವುದು ಅವನೊಬ್ಬನಿಗೇ ಕಾಣುತ್ತಿತ್ತು. ಒಂದು ಲಾರಿ ಹಾರ್ನ್ ಹೊಡೆಯುತ್ತಾ ಹೋಯಿತು. ಅವನು ಫೋನನ್ನು ಮಗುಚಿ ಟೇಬಲ್ಲಿನ ಮೇಲಿಟ್ಟ.

"ವಿಡಿಯೋ ಹಾಕಲ್ಲ" ಎಂದ. "ಆದ್ರೆ ನಾನು ಮುಂಚೆ ಹೇಳಿದ್ದು ತಪ್ಪು. ಅದು ಬೂದಿ ಅಲ್ಲ. ಭಾರ ಹೊರೋನು ಹಾಗೆ ಹೆಗಲು ಕೊಡವ್ಕೊಳ್ತಾನೆ. ಎರಡನೇ ಭಾಗದಲ್ಲಿ ಬೂದಿಮೊಗ ಹೀರೋನ ಹೊತ್ಕೊಂಡು ಬೆಟ್ಟ ಹತ್ತುತ್ತಾನೆ. ಇದು ನನ್ನ ಥಿಯರಿ."

ಆಮೇಲೆ ಬಂದದ್ದನ್ನು ನಾನು ಅತ್ತೆಗೆ ಎಲ್ಲ ಓದಲಿಲ್ಲ. ಮೊದಲು ನಿನ್ನ ತಲೆಗೆ ಪಂಕ್ಚರ್ ಹಾಕ್ಸೋ ಗುರು ಎಂದು ಒಬ್ಬ ಬರೆದಿದ್ದ. ದುಡ್ಡು ತಿಂದಿದ್ದಾನೆ ಎಂದು ಇನ್ನೊಬ್ಬ. ಸಂಖ್ಯೆ ಇಳಿಯತೊಡಗಿತು. ಒಳಗಿರೋದು ಯಾರು, ಹೆಸರು ಹೇಳು ಎಂಬ ಪ್ರಶ್ನೆ ಮತ್ತೆ ಮತ್ತೆ ಬಂತು. ಕದಿರೇಶ ನೀರು ಕುಡಿದ.

"ಹೆಸರು ಗೊತ್ತಿಲ್ಲ. ಒಂದು ಮಾತ್ರ ಹೇಳ್ತೀನಿ, ಅವನು ಸಾಯಲ್ಲ."

ಪ್ರೂಫ್ ಎಲ್ಲಿ ಎಂದು ಕೇಳಿದರು.

"ಪ್ರೂಫ್ ಇಲ್ಲ" ಎಂದು ಲೈವ್ ನಿಲ್ಲಿಸಿಬಿಟ್ಟ.

ಅವನ ಮುಖ ಹೋದರೂ ಕೆಳಗೆ ಕಾಮೆಂಟುಗಳು ಬರುತ್ತಲೇ ಇದ್ದವು. ಅತ್ತೆ ನನ್ನ ಮಣಿಕಟ್ಟು ಬಿಟ್ಟು ಕಾಲು ಚಾಚಿ ಕುಳಿತರು.

"ಏನು ಬರೀತಿದ್ದಾರೆ? ಓದು."

"ಒಳಗಿರೋದು ಯಾರೋ ಕ್ರಿಕೆಟ್ ಆಡೋನಂತೆ."

"ಅಲ್ಲ."

"ಹೀರೋನೇ ಡಬಲ್ ಆಕ್ಟಿಂಗ್ ಮಾಡಿದ್ದಾನಂತೆ."

"ಅವನ ಮುಖಕ್ಕೆ. ಅಲ್ಲ."

"ಒಳಗಿರೋದು ಹೆಂಗಸಂತೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಕ್ಕರೋ ಅತ್ತರೋ ನಾನು ತಿರುಗಿ ನೋಡಲಿಲ್ಲ. ಮುಂದಿನದನ್ನು ಓದಿದೆ.

"ಎಲ್ಲಾ ಕಂಪ್ಯೂಟರಲ್ಲಿ ಮಾಡಿದ್ದಂತೆ. ಒಳಗೆ ಮನುಷ್ಯನೇ ಇಲ್ವಂತೆ."

"ಮನುಷ್ಯನೇ ಇಲ್ವಂತಾ?" ಅವರ ಧ್ವನಿ ಏರಿತು. "ಅವನ ಬಾಯಿಗೆ ಮಣ್ಣು ಹಾಕ. ಇನ್ನೊಂದು ಓದು."

ಓದಿದೆ.