ಮೊಟ್ಟೆ ಯಾವ ಇಲಾಖೆಯದು

ಜನ ತಿನ್ನುವ ಆಹಾರ ಸುರಕ್ಷಿತವಾಗಿರಬೇಕಾದರೆ ನಾಲ್ಕು ಇಲಾಖೆಗಳು ಪರಸ್ಪರ ಮಾತಾಡಬೇಕು ಎಂದು ಸರ್ಕಾರಕ್ಕೆ ಒಂದು ದಿನ ಹೊಳೆಯಿತು. ಅವನ್ನು ಮಾತಾಡಿಸುವ ಕೆಲಸಕ್ಕೆ ನನ್ನನ್ನು ಹಾಕಿದರು. ನಾನೇ ಯಾಕೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಸಿಕ್ಕಿಬಿಡುತ್ತದೋ ಎಂಬ ಭಯ. ಮೂರನೇ ಮಹಡಿಯಲ್ಲಿ ಕಿಟಕಿಯಿರುವ ಕೋಣೆ ಕೊಟ್ಟರು. ಬಾಗಿಲಿಗೆ 'ರಾಷ್ಟ್ರೀಯ ಆಹಾರ ಸುರಕ್ಷತಾ ಸಮನ್ವಯಾಧಿಕಾರಿ' ಎಂಬ ಫಲಕ ಬಂತು. ಒಂದೇ ಸಾಲಿನಲ್ಲಿ ಬರೆಸಿದರೆ ಫಲಕ ಬಾಗಿಲಿಗಿಂತ ಅಗಲವಾಗುತ್ತಿತ್ತು, ಹಾಗಾಗಿ ಎರಡು ಸಾಲು ಮಾಡಿಸಿದರು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೆಂಡತಿಗೆ ಕಳಿಸಿದೆ.

"ಸಮನ್ವಯ ಅಂದ್ರೆ ಏನ್ರೀ ಮಾಡ್ಬೇಕು?" ಎಂದು ಫೋನಿನಲ್ಲಿ ಕೇಳಿದಳು.

"ಸಂಜೆ ಬಂದು ಹೇಳ್ತೀನಿ" ಎಂದೆ. ಎರಡು ವರ್ಷವಾದರೂ ಆ ಸಂಜೆ ಬಂದಿರಲಿಲ್ಲ.

ಆ ಎರಡು ವರ್ಷ ನಾನು ಸುಮ್ಮನೆ ಕೂತಿರಲಿಲ್ಲ, ಸಭೆ ಕರೆದುಕೊಂಡು ಕೂತಿದ್ದೆ. ಒಟ್ಟು ಹನ್ನೊಂದು ಸಭೆ, ಹನ್ನೊಂದರಲ್ಲೂ ಮೊಟ್ಟೆಯದೇ ಮಾತು. ಕೋಳಿ ತಿನ್ನುವ ಕಾಳು ಕೃಷಿ ಇಲಾಖೆಯದು. ಇಟ್ಟ ಮೊಟ್ಟೆ ಚಿಪ್ಪಿನೊಳಗಿರುವ ತನಕ ಪಶುಸಂಗೋಪನೆಯವರದು. ಲಾರಿ ಹತ್ತಿದರೆ ವಾಣಿಜ್ಯದವರದು. ಒಡೆದು ಬಾಣಲೆಗೆ ಬಿದ್ದರೆ ಆರೋಗ್ಯದವರದು. ಇಷ್ಟಕ್ಕೆ ಎಲ್ಲರೂ ತಲೆಯಾಡಿಸಿದ್ದರು. ಆದರೆ ಲಾರಿಯೊಳಗೇ ಒಡೆದುಹೋದ ಮೊಟ್ಟೆ ಯಾರದು?

"ಚಿಪ್ಪು ಇರೋ ತನಕ ನಂದು. ಚಿಪ್ಪು ಹೋಯ್ತಾ, ನನ್ನನ್ನ ಕೇಳ್ಬೇಡಿ" ಎನ್ನುತ್ತಿದ್ದರು ಪಶುಸಂಗೋಪನೆಯ ನಿರ್ದೇಶಕರು. ದಪ್ಪನೆಯ, ದೊಡ್ಡ ಗಂಟಲಿನ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಅವರನ್ನು ಮೊಟ್ಟೆ ಸಾಹೇಬರು ಎಂದೇ ಕರೆಯುತ್ತಿದ್ದರು.

"ಹೊಟ್ಟೆ ಕೆಟ್ಟ ಮೇಲೇನೇ ಜನ ನಮ್ಮ ಹತ್ರ ಬರೋದು. ಅದಕ್ಕೆ ಮುಂಚೆ ಏನಾಯ್ತೋ ನಮಗೇನು ಗೊತ್ತು?" ಎನ್ನುತ್ತಿದ್ದರು ಆರೋಗ್ಯ ಇಲಾಖೆಯ ಡಾಕ್ಟರಮ್ಮ.

ಇವರ ಜಗಳ ಬಗೆಹರಿಸಲು ನಾನೊಂದು ಫಾರಂ ತಯಾರು ಮಾಡಿದೆ. ಒಂದಕ್ಕಿಂತ ಹೆಚ್ಚು ಇಲಾಖೆಗೆ ಸೇರಿದ ತನಿಖೆ ಏನೇ ಇದ್ದರೂ ಆ ಫಾರಂ ತುಂಬಬೇಕು. ನಾಲ್ಕೂ ಇಲಾಖೆಯವರು ಒಬ್ಬರಾದ ಮೇಲೆ ಒಬ್ಬರಂತೆ ಸಹಿ ಹಾಕಬೇಕು. ಒಬ್ಬೊಬ್ಬರಿಗೂ ಹತ್ತು ದಿನದ ಗಡುವು. ಹದಿನಾಲ್ಕು ಪುಟ. ಚೊಚ್ಚಲ ಮಗುವನ್ನು ತೋರಿಸುವ ಹಾಗೆ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ. ವರ್ಷವಾದರೂ ಒಬ್ಬರೂ ಅದನ್ನು ತುಂಬಿ ಕಳಿಸಲಿಲ್ಲ. 'ದೂರುಗಳು ಗಣನೀಯವಾಗಿ ಇಳಿದಿವೆ' ಎಂದು ವಾರ್ಷಿಕ ವರದಿಯಲ್ಲಿ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹನ್ನೆರಡನೇ ಸಭೆ ನಡೆದದ್ದು ಒಂದು ಮಂಗಳವಾರ. ಮಧ್ಯಾಹ್ನದ ಊಟಕ್ಕೆ ನಮ್ಮ ಕಟ್ಟಡದ ಕ್ಯಾಂಟೀನಿನಿಂದಲೇ ಮೊಟ್ಟೆಯ ಸ್ಯಾಂಡ್‌ವಿಚ್ ತರಿಸಿದ್ದೆ. ಅಲ್ಲಿಯ ಅಡುಗೆಯವರು ಹಸಿ ಮೊಟ್ಟೆ ಕಡೆದು ಮೇಯೊನೀಸನ್ನು ತಾವೇ ಮಾಡುತ್ತಿದ್ದರು, ಅದಕ್ಕೆ ಇಡೀ ಕಟ್ಟಡದಲ್ಲಿ ಹೆಸರಿತ್ತು. ಮೊಟ್ಟೆ ಸಾಹೇಬರು ನಾಲ್ಕು ತಿಂದರು. ನಾನು ಮೂರಕ್ಕೆ ನಿಲ್ಲಿಸಿದೆ. ಸಂಯಮಿ ಎಂದಲ್ಲ, ತಟ್ಟೆ ಖಾಲಿಯಾಗಿತ್ತು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆ ಹಿಡಿದು ಕೂತೆ. ಹತ್ತು ಗಂಟೆಯ ಹೊತ್ತಿಗೆ ಎಂಟು ಸಲ ಒಳಗೆ ಹೋಗಿ ಬಂದಿದ್ದೆ. ಹೆಂಡತಿ ಟೀಚರು, ತನ್ನ ಶಾಲೆಗೆ ರಜೆ ಹೇಳಿ, ಆಟೊ ಕರೆಸಿ, ಪ್ಲಾಸ್ಟಿಕ್ ಬಕೆಟ್ಟೊಂದನ್ನು ನನ್ನ ತೊಡೆಯ ಮೇಲಿಟ್ಟು ಆಸ್ಪತ್ರೆಗೆ ಸಾಗಿಸಿದಳು.

ವಾರ್ಡಿನಲ್ಲಿ ಮಲಗಿಸಿದ ಮೇಲೆ ಕಣ್ಣುಬಿಟ್ಟು ನೋಡಿದರೆ ಪಕ್ಕದ ಮಂಚದಲ್ಲಿ ಮೊಟ್ಟೆ ಸಾಹೇಬರು! ಕಿಟಕಿಯ ಕಡೆಗೆ ಕೃಷಿಯವರು, ವಾಣಿಜ್ಯದವರು. ಎದುರಿನ ಹೆಂಗಸರ ವಾರ್ಡಿನಲ್ಲಿ ಡಾಕ್ಟರಮ್ಮ. ಹನ್ನೆರಡು ಸಭೆಗಳಲ್ಲಿ ಒಂದರಲ್ಲೂ ಈ ನಾಲ್ವರು ಕೊನೆಯ ತನಕ ಕೂತವರಲ್ಲ, ಯಾರಾದರೊಬ್ಬರು ತುರ್ತು ಕೆಲಸವೆಂದು ಎದ್ದುಹೋಗುತ್ತಿದ್ದರು. ಈಗಲೂ ತುರ್ತು ಕೆಲಸಕ್ಕೆ ಏಳುತ್ತಿದ್ದರು, ಆದರೆ ಹತ್ತು ಹೆಜ್ಜೆಗಿಂತ ದೂರ ಹೋಗುತ್ತಿರಲಿಲ್ಲ.

ಮಧ್ಯಾಹ್ನ ನಗರದ ಆಹಾರ ಇನ್‌ಸ್ಪೆಕ್ಟರ್ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹೆಗಲಿಗೆ ಥರ್ಮಾಕೋಲ್ ಡಬ್ಬಿ, ಕಾಲಿಗೆ ಧೂಳು ಹಿಡಿದ ಬೂಟು. ಸ್ಟೂಲ್ ಎಳೆದುಕೊಂಡು ಕೂತು, "ಮೂರು ದಿನದಿಂದ ಏನೇನು ತಿಂದ್ರಿ, ಹೇಳಿ" ಎಂದರು.

ನಾನು ಮೊದಲು ನನ್ನ ಹುದ್ದೆ ಹೇಳಿದೆ, ಎರಡೂ ಸಾಲು.

"ಇದರಲ್ಲಿ ಹುದ್ದೆಗೆ ಕಾಲಂ ಇಲ್ಲ ಸರ್. ಭೇದಿ ಎಷ್ಟು ಸಲ ಆಯ್ತು ಅನ್ನೋದಕ್ಕಿದೆ."

ಹೇಳಿದೆ. ಬರೆದುಕೊಂಡರು. ಆಮೇಲೆ ಚೀಲದಿಂದ ದಪ್ಪನೆಯ ಕಾಗದದ ಕಟ್ಟೊಂದನ್ನು ತೆಗೆದು ಉಸಿರುಬಿಟ್ಟರು.

"ಕ್ಯಾಂಟೀನ್ ಫ್ರಿಜ್ ಕೆಟ್ಟು ತಿಂಗಳಾಗಿದೆ ಸರ್. ನಮ್ಮನ್ನ ಯಾವ ಇಲಾಖೆ ತಪಾಸಣೆ ಮಾಡ್ಬೇಕು, ಹೇಳಿ ಅಂತ ಅಡುಗೆಯವರು ಕಾಗದ ಬರೆದಿದ್ರಂತೆ. ಮೂರನೇ ಮಹಡೀಲಿ ಯಾರೋ 'ಚರ್ಚಿಸಿ' ಅಂತ ಬರೆದು ಇಟ್ಕೊಂಡಿದಾರೆ. ಹೋಗ್ಲಿ. ಮೊಟ್ಟೆ ಬಂದಿದ್ದು ಯಾವ ಕೋಳಿ ಫಾರಂನಿಂದ ಅನ್ನೋದು ಗೊತ್ತಾಗಿದೆ. ಅಲ್ಲಿಂದ ಎರಡು ಶಾಲೆಗೂ ಒಂದು ವೃದ್ಧಾಶ್ರಮಕ್ಕೂ ಮೊಟ್ಟೆ ಹೋಗುತ್ತೆ. ಶಾಲೆ ಲಾರಿ ನಾಳೆ ಬೆಳಗ್ಗೆ ಹೊರಡುತ್ತೆ. ತಡೀಬೇಕು. ಆದ್ರೆ ಆ ಫಾರಂಗೆ ಹೋಗೋಕೆ ಈ ಫಾರಂ ಬೇಕಂತೆ. ಯಾರೋ ಪುಣ್ಯಾತ್ಮ ಹದಿನಾಲ್ಕು ಪುಟ ಮಾಡಿದಾನೆ. ನಾಲ್ಕು ಸಹಿ, ನಲವತ್ತು ದಿನ! ಅಷ್ಟೊತ್ತಿಗೆ ಮೊಟ್ಟೆ ಮರಿಯಾಗಿ ಓಡಾಡ್ತಿರುತ್ತೆ."

ನಾನು ಸಲೈನ್ ಬಾಟಲಿಯನ್ನೇ ಗಮನವಿಟ್ಟು ನೋಡತೊಡಗಿದೆ.

"ಆ ಪುಣ್ಯಾತ್ಮ ಇವ್ರೇ ಕಣಮ್ಮ" ಎಂದಳು ಹೆಂಡತಿ. "ಆ ಮೂರನೇ ಮಹಡಿಯವರೂ ಇವ್ರೇ."

ಇನ್‌ಸ್ಪೆಕ್ಟರ್ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು. ಕೈಚಾಚಿ ಆ ಕಟ್ಟನ್ನು ತೆಗೆದುಕೊಂಡೆ. ಸಹಿ ಮಾಡಬೇಕಾದ ನಾಲ್ವರೂ ಇಪ್ಪತ್ತು ಅಡಿಯೊಳಗೆ ಮಲಗಿದ್ದಾರೆ ಎಂಬುದು ಆಗ ತಲೆಗೆ ಹೊಳೆಯಿತು. ಮಂಚದಿಂದ ಇಳಿದೆ. ಹೆಂಡತಿ ಬಾಟಲಿ ಎತ್ತಿ ಹಿಡಿದು ಹಿಂದೆಯೇ ಬಂದಳು.

ಕೃಷಿಯವರು ಓದದೆ ಸಹಿ ಹಾಕಿದರು. ವಾಣಿಜ್ಯದವರು ಕಣ್ಣು ಬಿಡದೆ ಹಾಕಿದರು. ಡಾಕ್ಟರಮ್ಮನಿಗೆ ವಿಷಯ ತಿಳಿದದ್ದೇ ಗಾಲಿಕುರ್ಚಿಯಲ್ಲಿ ನಮ್ಮ ವಾರ್ಡಿಗೇ ಬಂದು ಸಹಿ ಹಾಕಿದರು. ಉಳಿದವರು ಮೊಟ್ಟೆ ಸಾಹೇಬರು.

"ಸಾಬೀತಾಗ್ಲಿ, ಹಾಕ್ತೀನಿ" ಎಂದರು ಗೋಡೆಯ ಕಡೆ ತಿರುಗಿಕೊಂಡು. "ಫ್ರಿಜ್ ಕೆಟ್ಟಿದ್ದು ಕ್ಯಾಂಟೀನಲ್ಲಿ. ನಮ್ಮ ಕಡೆ ಚಿಪ್ಪು ಸರಿಯಾಗೇ ಇತ್ತು."

ಡಾಕ್ಟರಮ್ಮ ಕುರ್ಚಿಯನ್ನು ಮಂಚಕ್ಕೆ ತಗುಲುವಷ್ಟು ಹತ್ತಿರ ತಂದರು. "ಫ್ರಿಜ್ ಇಲ್ದಿದ್ರೆ ವಿಷ ಹೆಚ್ಚುತ್ತೆ, ಹುಟ್ಟಲ್ಲ ಸ್ವಾಮಿ. ನಿಮಗೆ ಇಷ್ಟು ದೊಡ್ಡ ದೇಹ ಇದೆ, ತಡ್ಕೊಂಡ್ರಿ. ಅದೇ ಮೊಟ್ಟೆ ನಾಳೆ ಶಾಲೆಗೆ ಹೋಗುತ್ತೆ."

"ಎಷ್ಟನೇ ಕ್ಲಾಸು?" ಎಂದರು ಗೋಡೆಗೇ.

"ಒಂದರಿಂದ ನಾಲ್ಕು" ಎಂದರು ಇನ್‌ಸ್ಪೆಕ್ಟರ್.

ಮೊಟ್ಟೆ ಸಾಹೇಬರು ಈ ಕಡೆ ತಿರುಗಿದರು. "ಪೆನ್ನು ಕೊಡಿ. ಫೋನೂ ಕೊಡಿ. ಆ ಕಡೆ ಇರೋ ಪಶುವೈದ್ಯರಿಗೆ ನಾನೇ ಹೇಳ್ತೀನಿ, ಈಗ್ಲೇ ಹೋಗಿ ಗೇಟ್ ಹಾಕ್ಸಲಿ." ಆ ದೊಡ್ಡ ಗಂಟಲು ಅಂದು ಮೊದಲ ಬಾರಿ ದೇಶಕ್ಕೆ ಉಪಯೋಗವಾಯಿತು.

ನಲವತ್ತು ದಿನದ ಕೆಲಸ ಇಪ್ಪತ್ತೈದು ನಿಮಿಷದಲ್ಲಿ ಮುಗಿದಿತ್ತು. ಸಹಿಯ ಪುಟ ಬಿಟ್ಟು ಉಳಿದ ಹದಿಮೂರನ್ನು ಯಾರೂ ತಿರುವಿ ನೋಡಲಿಲ್ಲ.

ಶಾಲೆಯ ಲಾರಿ ನಿಂತಿತು. ಫಾರಂನ ಮೊಟ್ಟೆಯಲ್ಲಿ ರೋಗಾಣು ಇರುವುದು ಪರೀಕ್ಷೆಯಲ್ಲಿ ಖಚಿತವಾಯಿತು. ಆದರೆ ವೃದ್ಧಾಶ್ರಮಕ್ಕೆ ಮೊಟ್ಟೆ ಹಿಂದಿನ ದಿನವೇ ಹೋಗಿಬಿಟ್ಟಿತ್ತು. ಅಲ್ಲಿ ಒಂಬತ್ತು ಜನ ಮಲಗಿದರು. ಎಲ್ಲರೂ ಉಳಿದರು, ಒಬ್ಬ ಅಜ್ಜಿ ಮಾತ್ರ ಮೂರು ವಾರ ಒದ್ದಾಡಿದರು. ನಾನು ಹುಷಾರಾದ ಮೇಲೆ ಅವರನ್ನು ನೋಡಲು ಹೋದೆ. ಯಾಕೆ ಹೋದೆ ಎಂದು ಸರಿಯಾಗಿ ಗೊತ್ತಿಲ್ಲ, ಬಹುಶಃ ಯಾರಾದರೂ ಬಯ್ಯಲಿ ಎಂದಿರಬೇಕು.

"ಅಡುಗೆಯವಳನ್ನ ಏನೂ ಅನ್ಬೇಡಿ" ಎಂದರು ಅಜ್ಜಿ. ಕೈ ಕಡ್ಡಿಯಾಗಿತ್ತು. "ಪಾಪ, ರುಚಿಯಾಗೇ ಮಾಡಿದ್ಲು."

"ಅವರ ತಪ್ಪಲ್ಲ ಅಜ್ಜಿ. ನಂದೂ ಇದೆ."

"ನೀವು ಕೋಳಿ ಸಾಕಿದೀರಾ?"

"ಇಲ್ಲ, ನಾನು ಆಫೀಸಲ್ಲಿರೋದು."

"ಮತ್ತೆ ನಿಮ್ಮ ತಪ್ಪು ಹೇಗಾಗುತ್ತಪ್ಪಾ?" ಎಂದು ಅಜ್ಜಿ ನನ್ನನ್ನೇ ಸಮಾಧಾನ ಮಾಡಿದರು. ಅವರಿಗೆ ನೀರು ಕುಡಿಸಿ ಎದ್ದುಬಂದೆ.

ಹದಿಮೂರನೇ ಸಭೆಗೆ ಇನ್‌ಸ್ಪೆಕ್ಟರನ್ನೂ ಕರೆದೆ. ಇಂಥ ಸಭೆಗೆ ಫೀಲ್ಡಿನಲ್ಲಿ ಕೆಲಸ ಮಾಡುವವರೊಬ್ಬರು ಬಂದದ್ದು ಅದೇ ಮೊದಲು. ಅವರು ಎರಡೇ ಮಾತು ಹೇಳಿದರು: ಒಂದು, ಮೊದಲು ತಡೆಯೋಕೆ ಬಿಡಿ, ಕಾಗದ ಆಮೇಲೆ ಕೇಳಿ. ಎರಡು, ನಾಲ್ಕೂ ಇಲಾಖೆಗೆ ಸೇರಿ ಒಂದೇ ಫೋನ್ ನಂಬರ್ ಇಡಿ. ಎಲ್ಲರೂ ಒಪ್ಪಿದರು. ಹೊಟ್ಟೆಗೆ ಇನ್ನೂ ನೆನಪಿತ್ತು. ಹದಿನಾಲ್ಕು ಪುಟ ಅರ್ಧ ಪುಟವಾಯಿತು. ಕ್ಯಾಂಟೀನನ್ನು ತಿಂಗಳಿಗೊಮ್ಮೆ ಇನ್‌ಸ್ಪೆಕ್ಟರೇ ನೋಡುವುದು ಎಂದಾಯಿತು. ಕೊನೆಗೆ ವಾಣಿಜ್ಯದವರು ಕೆಮ್ಮಿ, "ಅದೆಲ್ಲ ಸರಿ, ಫೋನ್ ಯಾವ ಇಲಾಖೆಯದು?" ಎಂದರು.

ಮೊಟ್ಟೆ ಸಾಹೇಬರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು, "ನನ್ನ ಮೇಜಿನ ಮೇಲಿರ್ಲಿ. ನಾನೇ ಎತ್ಕೋತೀನಿ" ಎಂದುಬಿಟ್ಟೆ. ಯಾರೂ ಬೇಡ ಎನ್ನಲಿಲ್ಲ.

ಹೀಗೆ ಸಮನ್ವಯಾಧಿಕಾರಿಯು ಟೆಲಿಫೋನ್ ಆಪರೇಟರನಾದ. ಮೊದಲ ಕರೆ ಒಬ್ಬ ಬೇಕರಿಯವರದು. ಹೊಸದಾಗಿ ಬಂದ ಹಿಟ್ಟಿನ ಮೂಟೆಗಳಲ್ಲಿ ಇಲಿ ಪಾಷಾಣದ ವಾಸನೆ ಬರುತ್ತಿದೆ ಎಂದರು. ನಾನು ಬಲು ಉತ್ಸಾಹದಿಂದ ಎಲ್ಲ ಕೇಳಿದೆ: ಎಷ್ಟು ಮೂಟೆ, ಯಾವಾಗ ಬಂತು, ಬಿಚ್ಚಿದ್ದೀರಾ, ಹಿಟ್ಟಿನ ಬಣ್ಣ ಹೇಗಿದೆ. ಅಂದವಾಗಿ ಬರೆದುಕೊಂಡು ತಕ್ಷಣ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಓದಿಹೇಳಿದೆ.

"ಹೊರಟೆ ಸರ್. ಬೇಕರಿ ಎಲ್ಲಿದೆ?"

ಕಾಗದವನ್ನು ಮುಂದೆ ನೋಡಿದೆ, ಹಿಂದೆ ತಿರುಗಿಸಿ ನೋಡಿದೆ.

"ಒಂದು ನಿಮಿಷ ಇರಮ್ಮಾ" ಎಂದು ಬೇಕರಿಯವರ ನಂಬರನ್ನು ಮತ್ತೆ ಒತ್ತಿದೆ.